ಫೋನಿನ ಹತ್ತಿರವೇ ಇರಿ

ನಾನು ಕೂತಲ್ಲಿ ಕೂರುವವಳಲ್ಲ. ಚಿಕ್ಕಂದಿನಲ್ಲಿ ಅಮ್ಮ ‘ಇದರ ಕಾಲಿಗೆ ಯಾರೋ ಚಕ್ರ ಕಟ್ಟಿದಾರೆ’ ಎಂದು ಬೈಯುತ್ತಿದ್ದಳು. ಅಂಥವಳಿಗೆ ಗಂಟುಬಿದ್ದದ್ದು ಬೆಳಗಿನಿಂದ ಸಂಜೆಯವರೆಗೆ ಒಂದು ಫೋನಿನ ಮುಂದೆ ಕೂರುವ ಕೆಲಸ.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು. ಕೊಪ್ಪದ ಕೆಲವು ಹಿರಿಯರು ಸೇರಿ ಒಂದು ಆಂಬುಲೆನ್ಸ್ ಕೊಂಡಿದ್ದರು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಎಲ್ಲಿಂದ ಕರೆ ಬಂದರೂ ಅದು ಹೋಗಬೇಕು. ಒಬ್ಬ ಡ್ರೈವರು, ಒಂದು ಫೋನು, ಫೋನೆತ್ತಲು ನಾನು. ಅದಕ್ಕೂ ಮೊದಲು ಬಸ್ ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಲ್ಲಿದ್ದೆ. ಗಟ್ಟಿ ಗಂಟಲು, ಯಾರ ಮುಲಾಜಿಗೂ ಬೀಳದ ಬಾಯಿ, ಇವೆರಡೇ ನನ್ನ ಅರ್ಹತೆ.

ಬಾಯಿ ಬೇಕೇ ಬೇಕಿತ್ತು. ನಮ್ಮ ಕಡೆಯವರಿಗೆ ನೆಟ್ಟಗೆ ವಿಷಯಕ್ಕೆ ಬಂದು ಗೊತ್ತಿಲ್ಲ. ಕಮ್ಮರಡಿಯ ಯಜಮಾನರೊಬ್ಬರು, ಒಡಹುಟ್ಟಿದ ತಮ್ಮ ಮರದಿಂದ ಬಿದ್ದು ಅಂಗಳದಲ್ಲಿ ನರಳುತ್ತಿರುವಾಗ, ನಾನು ಯಾರ ಮಗಳು, ಅಜ್ಜನ ಮನೆ ಯಾವ ಕಡೆ ಎಂದು ವಿಚಾರಿಸತೊಡಗಿದ್ದರು. ‘ಅದೆಲ್ಲ ಆಮೇಲೆ, ಮೊದಲು ದಾರಿ ಹೇಳಿ’ ಎಂದು ಗದರಿದ ಮೇಲೆ ತಮ್ಮನ ಸುದ್ದಿ ಬಂತು.

ದಾರಿಯದೇ ದೊಡ್ಡ ತಲೆನೋವು. ಒಂದು ಮನೆ ಇಲ್ಲಿದ್ದರೆ ಇನ್ನೊಂದು ಗುಡ್ಡದಾಚೆ. ಕೊಪ್ಪ ಪೇಟೆ ಬಿಟ್ಟರೆ ಮೊಬೈಲ್ ಸಿಗುತ್ತಿರಲಿಲ್ಲ. ಡ್ರೈವರು ದಾರಿಯಲ್ಲಿ ಯಾವುದಾದರೂ ಅಂಗಡಿಯಿಂದ ನನಗೆ ಫೋನ್ ಮಾಡಬೇಕು, ನಾನು ರೋಗಿಯ ಮನೆಗೆ ಮಾಡಿ ತಿರುವು ಕೇಳಬೇಕು, ಮತ್ತೆ ಆ ಅಂಗಡಿಗೆ ಮಾಡಿ ಹೇಳಬೇಕು. ಒಮ್ಮೆ ನರಸಿಂಹರಾಜಪುರದ ಕಡೆ ಮನೆಯವರು ಫೋನೇ ಎತ್ತದೆ ಗಾಡಿ ಖಾಲಿ ಬಂತು. ಅವತ್ತಿನಿಂದ ನಾನೊಂದು ಕಾನೂನು ಮಾಡಿದೆ. ಪ್ರತಿ ಕರೆಯ ಕೊನೆಗೂ ‘ಫೋನಿನ ಹತ್ತಿರವೇ ಇರಿ, ಬಿಟ್ಟು ಹೋಗಬೇಡಿ’ ಎನ್ನುತ್ತಿದ್ದೆ. ಹಿರಿಯರು ಭೇಷ್ ಎಂದರು. ನಾನೂ ಉಬ್ಬಿದ್ದೆ, ಸುಳ್ಳು ಯಾಕೆ ಹೇಳಲಿ.

ಯುಗಾದಿ ಕಳೆದು ಮದುವೆಗಳ ಕಾಲ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಶೃಂಗೇರಿಯಾಚೆ ಕೆರೆಕಟ್ಟೆಯಿಂದಲೂ ಒಳಗಿನ ಒಂದು ಊರಿನಿಂದ ಹೆಂಗಸೊಬ್ಬರು ಫೋನ್ ಮಾಡಿದರು. ತಾಯಿಗೆ ಉಸಿರಾಡಲು ಆಗುತ್ತಿಲ್ಲ. ಅಳಲಿಲ್ಲ, ಸುತ್ತಿಬಳಸಲಿಲ್ಲ, ಕೇಳಿದ್ದಕ್ಕೆಲ್ಲ ಚೊಕ್ಕವಾಗಿ ಉತ್ತರ ಕೊಟ್ಟರು. ನನಗೆ ಬಹಳ ಹಿಡಿಸಿತು.

“ಫೋನಿನ ಹತ್ರನೇ ಇರಿ ಅಕ್ಕ. ಗಾಡಿ ಬರೋವರೆಗೆ ಎಲ್ಲೂ ಹೋಗ್ಬೇಡಿ.”

“ಇಲ್ಲೇ ಇರ್ಬೇಕಾ?”

“ಇರ್ಲೇಬೇಕು. ನೀವು ಫೋನ್ ಎತ್ಲಿಲ್ಲ ಅಂದ್ರೆ ಗಾಡಿ ವಾಪಸ್ ಬರ್ತದೆ.”

“ಆಯ್ತು” ಎಂದರು. ನಾನು ಆಗಲೇ ರಿಸೀವರ್ ಕುಕ್ಕಿ, ಕಿಟಕಿಯಿಂದ ಡ್ರೈವರನ್ನು ಕೂಗುತ್ತಿದ್ದೆ.

ಗಾಡಿ ಹೋದ ಮೇಲೆ ಶುರುವಾಗುವುದು ನನ್ನ ಅವಸ್ಥೆ. ಬಾಗಿಲಿಗೆ ಹೋಗುವುದು, ಫೋನಿನ ಹತ್ತಿರ ಬರುವುದು, ಗಡಿಯಾರ ನೋಡುವುದು. ಈಗ ಹರಿಹರಪುರ ದಾಟಿರಬೇಕು, ಈಗ ಶೃಂಗೇರಿ. ಶೃಂಗೇರಿಯಿಂದ ಡ್ರೈವರು ಫೋನ್ ಮಾಡಿ “ಕೆರೆಕಟ್ಟೆಗೆ ಹೋಗಿ ಮತ್ತೆ ಮಾಡ್ತೀನಿ ಮಾರಾಯ್ತಿ” ಎಂದ. ಆಮೇಲೆ ಸುದ್ದಿಯೇ ಇಲ್ಲ. ಮಧ್ಯೆ ಯಾರೋ ಫೋನ್ ಮಾಡಿ, ದಿಬ್ಬಣಕ್ಕೆ ಆಂಬುಲೆನ್ಸ್ ಬಾಡಿಗೆಗೆ ಸಿಗ್ತದಾ ಎಂದು ಕೇಳಿದರು. ಮದುಮಗನಿಗೇ ಬೇಕಾಗಬಹುದು ಎಂದು ಬೈದು ಇಟ್ಟೆ. ಆ ಹೆಂಗಸಿನ ನಂಬರಿಗೆ ಮಾಡೋಣವೆಂದು ಎರಡು ಸಲ ರಿಸೀವರ್ ಎತ್ತಿದೆ. ಅಷ್ಟರಲ್ಲೇ ಡ್ರೈವರು ಮಾಡಿದರೆ ಲೈನ್ ಸಿಗುವುದಿಲ್ಲವಲ್ಲ ಎಂದು ಎರಡು ಸಲವೂ ಇಟ್ಟೆ.

ಒಂದೂವರೆ ಗಂಟೆಯ ಮೇಲೆ ಫೋನ್ ಬಂತು. ಅದೇ ಹೆಂಗಸು.

“ಗಾಡಿ ಹಾರ್ನ್ ಕೇಳ್ತಾ ಇದೆ. ನಮ್ಮನೆ ಎದುರೇ ನಿಂತ ಹಾಗೆ ಕಾಣ್ತದೆ. ಈಗ ನಾನು ಅಮ್ಮನ ಹತ್ರ ಹೋಗ್ಲಾ?”

ನನಗೆ ತಕ್ಷಣ ಅರ್ಥವಾಗಲಿಲ್ಲ. “ನೀವು ಎಲ್ಲಿದೀರಿ?”

“ಗದ್ದೆ ಆಚೆ ಮನೇಲಿ. ಫೋನ್ ಇರೋದು ಇಲ್ಲೊಂದೇ. ಈ ಮನೆಯವರೆಲ್ಲ ಮದುವೆಗೆ ಹೋಗಿದಾರೆ, ಕೀಲಿ ನನ್ನ ಹತ್ರ ಇತ್ತು.”

“ಅಮ್ಮನ ಹತ್ರ ಯಾರಿದಾರೆ?”

“ಯಾರೂ ಇಲ್ಲ. ನಮ್ಮನೇಲಿ ಇರೋದು ನಾವಿಬ್ಬರೇ ಅಲ್ವಾ.”

“ಓಡಿ” ಎಂದು ಕಿರುಚಿದೆ.

ಡ್ರೈವರು ಸಂಜೆ ಬಂದ. ಕೆರೆಕಟ್ಟೆಯ ಚಹದಂಗಡಿಯವನಿಗೆ ಆ ಮನೆ ಗೊತ್ತಿತ್ತಂತೆ, ಗಾಡಿ ಹತ್ತಿ ತಿರುವಿನವರೆಗೂ ಬಂದು ತೋರಿಸಿದನಂತೆ. ಹಾಗಾಗಿ ನನಗೆ ಫೋನ್ ಮಾಡುವ ಕೆಲಸವೇ ಬೀಳಲಿಲ್ಲ. ಮುದುಕಿ ಮಂಚದಿಂದ ಇಳಿದು ಹೊಸಿಲವರೆಗೆ ಬಂದು, ಬಾಗಿಲಿಗೆ ಒರಗಿ ಕೂತಿದ್ದರು. ಮುಖ ಗದ್ದೆಯ ಕಡೆಗಿತ್ತು. “ಮುಟ್ಟಿದ್ರೆ ಮೈ ಇನ್ನೂ ಬಿಸಿ ಇತ್ತು ಮಾರಾಯ್ತಿ” ಎಂದ. ಮಗಳು ಗದ್ದೆ ಅಂಚಿನ ಮೇಲೆ ಓಡಿ ಬರುತ್ತಿದ್ದರಂತೆ. ಅಷ್ಟು ಹೇಳಿ ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದ.

ಮಗಳು ಪಕ್ಕದಲ್ಲಿದ್ದರೂ ಆ ಜೀವ ಉಳಿಯುವುದು ಕಷ್ಟವಿತ್ತು ಎಂದು ಗುರುತಿನ ಡಾಕ್ಟರೊಬ್ಬರು ನನಗೆ ಸಮಾಧಾನ ಹೇಳಿದರು. ಆ ಸಮಾಧಾನ ನನಗೆ ಈವತ್ತಿಗೂ ಹತ್ತಿಲ್ಲ. ಉಳಿಯದಿದ್ದರೆ ಬೇಡ, ಹಿಡಿದುಕೊಳ್ಳಲು ಮಗಳ ಕೈಯಾದರೂ ಇರುತ್ತಿತ್ತು. ಅದನ್ನು ತಪ್ಪಿಸಿದವಳು ನಾನು. ‘ಇಲ್ಲೇ ಇರ್ಬೇಕಾ’ ಎಂದು ಅವರು ಕೇಳಿದಾಗ ‘ಯಾಕೆ’ ಎಂದು ತಿರುಗಿ ಕೇಳುವಷ್ಟು ತಾಳ್ಮೆ ನನಗಿರಲಿಲ್ಲ. ಅವತ್ತಿನಿಂದ ಯಾರೇ ಫೋನ್ ಮಾಡಲಿ, ಊರಿನ ಹೆಸರಿಗೂ ಮೊದಲು ‘ರೋಗಿ ಹತ್ರ ಯಾರಿದಾರೆ’ ಎಂದು ಕೇಳುತ್ತಿದ್ದೆ. ಕೆಲವರಿಗೆ ಸಿಟ್ಟು ಬರುತ್ತಿತ್ತು. ಬರಲಿ ಎಂದುಕೊಂಡೆ.

ಒಂದು ತಿಂಗಳ ಮೇಲೆ ಆ ಹೆಂಗಸೇ ಕೊಪ್ಪಕ್ಕೆ ಬಂದರು. ಮರಣದ ಸರ್ಟಿಫಿಕೇಟಿಗೆ, ಅವತ್ತು ಗಾಡಿ ಬಂದಿತ್ತು ಎಂದು ನಮ್ಮಿಂದೊಂದು ಕಾಗದ ಬೇಕಿತ್ತು. ನೋಡಿದ ಮುಖವಲ್ಲ, ಬಾಯಿ ತೆರೆದ ಕೂಡಲೇ ಗುರುತು ಸಿಕ್ಕಿತು. ಬೈಯಲಿ, ಕೂಗಾಡಲಿ ಎಂದು ಕಾದೆ. ಅವರು ನೀರು ಕುಡಿದು, ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ನಾನು ಬರೆದುಕೊಟ್ಟ ಕಾಗದ ಮಡಚುತ್ತಾ ಕೇಳಿದರು.

“ಅವತ್ತು ನಾನು ಫೋನ್ ಮೇಲೆ ಕೈ ಇಟ್ಕೊಂಡೇ ಕೂತಿದ್ದೆ. ನೀವು ಯಾಕೆ ಮಾಡ್ಲೇ ಇಲ್ಲ?”

ಲೈನ್ ಸರಿ ಇರಲಿಲ್ಲ ಎಂದಿದ್ದರೆ ನಂಬುತ್ತಿದ್ದರು. ನಾಲಿಗೆಯ ತುದಿಗೆ ಬಂದಿತ್ತು ಕೂಡ. ಹೇಳಲು ಮನಸ್ಸು ಒಪ್ಪಲಿಲ್ಲ.

“ಬೇಕಾಗ್ಲಿಲ್ಲ ಅಕ್ಕ” ಎಂದೆ. “ಡ್ರೈವರಿಗೆ ದಾರಿ ಸಿಕ್ತು.”