ದೇವರಿಗೆ ಬೆನ್ನು ಹಾಕದೆ

ನಮ್ಮಲ್ಲಿ ದೇವರಿಗೆ ಬೆನ್ನು ಹಾಕಿ ಹೊರಡುವ ಕ್ರಮವಿಲ್ಲ. ಕೈ ಮುಗಿದುಕೊಂಡು ಹಿಮ್ಮುಖವಾಗಿಯೇ ನಡೆದು, ಅಂಗಳಕ್ಕಿಳಿದ ಮೇಲೆ ತಿರುಗಬೇಕು. ಹಾಗೆ ಬರುವಾಗ ಕಣ್ಣು ಮುಚ್ಚಿಕೊಳ್ಳುವ ಅಭ್ಯಾಸ ನನಗೆ. ನೋಡಿದ ರೂಪ ಒಳಗೆ ಸ್ವಲ್ಪ ಹೊತ್ತು ನಿಲ್ಲಲಿ ಎಂದು. ಒಂದು ಸೋಮವಾರ ದೇವಸ್ಥಾನದ ಮೆಟ್ಟಿಲು ತಪ್ಪಿ ಬಿದ್ದೆ. ಎಲುಬು ಮುರಿಯಲಿಲ್ಲ, ದೇವರ ದಯೆ. ಆದರೆ ಡಾಕ್ಟರು, "ಎಲುಬಿಗೆ ಬಲ ಸಾಲದು, ಇನ್ನೊಮ್ಮೆ ಬೀಳಬೇಡಿ" ಎಂದರು.

ಬೀಳಬೇಡಿ ಎಂದರೆ ಸಾಕೇ? ಬಚ್ಚಲಿನಲ್ಲಿ ಬಿದ್ದ ನನ್ನ ಅತ್ತೆ ಮತ್ತೆ ಏಳಲೇ ಇಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನಿಗೆ ಪೌಡರು ಹಾಕುತ್ತಿದ್ದವಳು ನಾನೇ. ಹಾಗಾಗಿ ಸಾವಿಗಿಂತ ಮಂಚದ ಹೆದರಿಕೆಯೇ ನನಗೆ ದೊಡ್ಡದು. ಮನೆಯೊಳಗೂ ಗೋಡೆ ಹಿಡಿದು ನಡೆದೆ. ದೇವಸ್ಥಾನಕ್ಕೆ ಹೋಗುವುದು ನಿಂತಿತು.

"ತಿರುಗಿ ನಡ್ಕೊಂಡು ಬಾ ಮಾರಾಯ್ತಿ. ನಿನ್ನ ಬೆನ್ನು ನೋಡಿದ್ರೆ ದೇವರಿಗೆ ಎಂತ ಆಗ್ಲಿಕ್ಕುಂಟು?" ಎಂದರು ನಮ್ಮವರು.

"ದೇವರಿಗೆ ಆಗುದಿಲ್ಲ. ನನಗೆ ಆಗ್ತದೆ."

ಕುಂಬಳೆಯ ವಾಚನಾಲಯದ ಹಾಲ್‌ನಲ್ಲಿ, ಗಲ್ಫಿನಲ್ಲಿ ನರ್ಸಾಗಿದ್ದು ಊರಿಗೆ ಮರಳಿದವರೊಬ್ಬರು ತಾಯ್ ಚಿ ಹೇಳಿಕೊಡುತ್ತಿದ್ದರು. ನೀರಿನೊಳಗೆ ನಡೆದ ಹಾಗೆ ನಿಧಾನವಾಗಿ ಕೈಕಾಲು ಆಡಿಸುವ ಚೀನಾದ ವ್ಯಾಯಾಮ. ಡಾಕ್ಟರೇ ನನ್ನನ್ನು ಅಲ್ಲಿಗೆ ಕಳಿಸಿದರು. ಬೇರೆ ಯಾವುದೋ ಪೂಜೆಯೇನೋ ಎಂದು ಮೊದಲು ಅನುಮಾನವಿತ್ತು. ಮಂತ್ರವಿಲ್ಲ, ಬರೇ ಮೊಣಕಾಲಿನ ಕೆಲಸ ಎಂದು ಗೊತ್ತಾದ ಮೇಲೆ ಸಮಾಧಾನವಾಯಿತು.

ಎದುರಿಗೆ ಹೋಗುವ ಹೆಜ್ಜೆಗಳನ್ನು ಹೇಗೋ ಮಾಡಿದೆ. ಒಂದು ದಿನ ಅವರು, "ಇವತ್ತು ಹಿಂದೆ ಹೋಗುದು" ಎಂದರು. ನನ್ನ ಕಣ್ಣು ತಾನಾಗಿ ಮುಚ್ಚಿಕೊಂಡಿತು. ಕೈಗಳೆರಡೂ ಎದೆಯ ಹತ್ತಿರ ಬಂದು ಜೋಡಿಕೊಂಡವು.

"ಅಕ್ಕಾ, ನನಗೆ ಎಂತಕ್ಕೆ ಕೈ ಮುಗಿಯುದು? ನಾನಿನ್ನೂ ಗೋಡೆಯ ಫೋಟೋ ಆಗ್ಲಿಲ್ಲ!" ಎಂದರು ಹೇಳಿಕೊಡುವವರು.

ಎಲ್ಲರೂ ನಕ್ಕರು. "ನಾನು ಬಿದ್ದದ್ದು ಹೀಗೇ" ಎಂದೆ. ಹೇಳಿಕೊಡುವವರ ನಗು ನಿಂತಿತು. ನನ್ನ ಹಿಂದೆ ಬಂದು, ಸೊಂಟದ ಎರಡೂ ಬದಿಗೆ, ತಾಗದ ಹಾಗೆ, ಕೈ ಚಾಚಿ ನಿಂತರು.

"ಕೈ ಮುಗಿದ್ರೂ ಅಡ್ಡಿಯಿಲ್ಲ, ಕಣ್ಣು ಬಿಡಿ. ಭಾರ ಎಲ್ಲ ಎದುರಿನ ಕಾಲಲ್ಲೇ ಇರ್ಲಿ. ಹಿಂದಿನ ಕಾಲಿನ ಬೆರಳು ಮಾತ್ರ ಹೋಗಿ ನೆಲ ಉಂಟಾ ನೋಡ್ಲಿ. ಉಂಟಾದ್ರೆ ಭಾರ ಬಿಡಿ."

"ಇಲ್ಲದಿದ್ರೆ?"

"ಇಲ್ಲದಿದ್ರೆ ಹೋಗ್ಬೇಡಿ. ಅಷ್ಟೇ."

ಹೇಳಿದ ಹಾಗೆ ಒಂದು ಹೆಜ್ಜೆ ಹಿಂದೆ ಇಟ್ಟೆ. ಬೀಳಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ದೇವರ ಕೋಣೆಯಿಂದ ಅಡುಗೆಮನೆಗೆ ಹಿಮ್ಮುಖವಾಗಿಯೇ ಬರುತ್ತಿದ್ದೆ. ನಮ್ಮವರು ಚಾ ಲೋಟ ಎತ್ತಿಕೊಂಡು ದಾರಿ ಬಿಡುತ್ತಿದ್ದರು.

ಮೊನ್ನೆ ದೇವಸ್ಥಾನಕ್ಕೆ ಹೋದೆ. ನಮ್ಮವರು ಮೆಟ್ಟಿಲ ಕೆಳಗೆ ಬಂದು ಕೈ ಚಾಚಿ ನಿಂತರು.

"ಆಚೆ ಹೋಗಿ. ನಾನು ಬಿದ್ರೆ ನೀವೂ ಬೀಳುದು."

ಕೈ ಮುಗಿದೆ, ಕಣ್ಣು ಮುಚ್ಚಲಿಲ್ಲ. ಹಿಂದೆ ಬಂದ ಹಾಗೆ ದೀಪಗಳು ಸಣ್ಣವಾಗುತ್ತಾ ಹೋದವು. ಇಷ್ಟು ವರ್ಷ ಇದನ್ನು ನಾನು ನೋಡಿರಲೇ ಇಲ್ಲ. ಆಮೇಲೆ ಬೆರಳು ಹಿಂದೆ ಹೋಯಿತು, ನೆಲ ಸಿಗಲಿಲ್ಲ. ಅತ್ತೆಯ ಮಂಚ ಕಣ್ಣೆದುರು ಬಂತು. ಅಲ್ಲಿಯೇ ನಿಂತೆ. ಎದುರಿನ ಮೊಣಕಾಲು ಬಗ್ಗಿಸಿ ಬೆರಳನ್ನು ಇನ್ನೂ ಸ್ವಲ್ಪ ಇಳಿಸಿದೆ. ಕಲ್ಲು ತಣ್ಣಗೆ ತಾಗಿತು.

"ಉಂಟು" ಎಂದೆ, ಸ್ವಲ್ಪ ಗಟ್ಟಿಯಾಗಿಯೇ.

"ಎಂತ ಉಂಟು?" ಆಚೆಯಿಂದ ನಮ್ಮವರು ಕೇಳಿದರು.

"ನೆಲ" ಎಂದು ಹೇಳಿ ಭಾರ ಬಿಟ್ಟೆ.