ಅಕ್ಕೋರು ಸುಮ್ಮನೆ ನಡೆದದ್ದು

ರವಿಕೆ ಹೊಲಿಯುವವಳು ಅಳತೆಯನ್ನು ಗಟ್ಟಿಯಾಗಿ ಹೇಳುವುದನ್ನು ನಿಲ್ಲಿಸಿದ ದಿನ ಹೆಂಗಸಿಗೆ ತನ್ನ ಪ್ರಾಯ ಗೊತ್ತಾಗುತ್ತದೆ. ಭಟ್ಕಳ ಪೇಟೆಯ ನಮ್ಮ ಟೈಲರ್ ಬಾಯಿ ಹದಿನೈದು ವರ್ಷ ನನ್ನ ಮೈಸುತ್ತ ಟೇಪು ಹಿಡಿದು, ಇಂಚುಗಳನ್ನು ಹರಾಜು ಕೂಗಿದಂತೆ ಕೂಗುತ್ತಿದ್ದಳು. ಅವಳ ಮಗಳು ಬರೆದುಕೊಳ್ಳುತ್ತಿದ್ದಳು. ಎಂಬತ್ತರ ದಶಕ ಶುರುವಾಗಿದ್ದ ಆ ಕಾಲದಲ್ಲಿ ಒಂದು ದಿನ ಬಾಯಿ ಏನೂ ಹೇಳದೆ ಟೇಪನ್ನೇ ಮಗಳ ಕಣ್ಣೆದುರು ಹಿಡಿದಳು. ಮಗಳು ನೋಡಿದಳು, ಬರೆದುಕೊಂಡಳು, ಆಮೇಲೆ ನನ್ನ ಕಡೆ ತಿರುಗಿ, "ಸೀರೆ ಬಣ್ಣ ಚಂದ ಇದೆ ಅಕ್ಕೋರೆ" ಎಂದಳು. ಇಷ್ಟು ಮರ್ಯಾದೆ ನನಗೆ ಅದಕ್ಕೆ ಮೊದಲು ಯಾರೂ ಕೊಟ್ಟಿರಲಿಲ್ಲ.

ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಗಂಡಸು ಮಾಸ್ತರು, ಹೆಂಗಸು ಅಕ್ಕೋರು. ನಾನು ಮುರ್ಡೇಶ್ವರದ ಹತ್ತಿರದ ಒಂದು ಪ್ರಾಥಮಿಕ ಶಾಲೆಯ ಅಕ್ಕೋರು. ಅಪ್ಪ ದೋಣಿಯಲ್ಲಿ ಹೋಗುತ್ತಿದ್ದ, ಅಮ್ಮ ಮೀನು ಮಾರುತ್ತಿದ್ದಳು. ಬೆಳಿಗ್ಗೆ ಕಡಲ ದಂಡೆಯಲ್ಲಿ ಬುಟ್ಟಿ ತುಂಬಿಸಿ ತಲೆಗೇರಿಸಿದರೆ ಹೆದ್ದಾರಿ ದಾಟಿ ಒಳಗಿನ ಹಳ್ಳಿಗಳನ್ನೆಲ್ಲ ಸುತ್ತಿ ಮಧ್ಯಾಹ್ನಕ್ಕೆ ವಾಪಸು. ನಮ್ಮ ಕೇರಿಯಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಯೋಗ ಮೊದಲು ಬಂದದ್ದು ನನಗೆ. ಆ ಯೋಗವನ್ನು ನಾನು ಇಪ್ಪತ್ತು ವರ್ಷ ಮನಸಾರೆ ಅನುಭವಿಸಿದೆ. ಕಪ್ಪು ಹಲಗೆಯ ಮೇಲೆ ಬರೆಯಲು ಏಳುವುದೂ ತಪ್ಪಲೆಂದು ಅಕ್ಷರ ಚೆನ್ನಾಗಿರುವ ಮಕ್ಕಳಿಂದಲೇ ಬರೆಸುತ್ತಿದ್ದೆ. ಅದಕ್ಕೆ ಮಕ್ಕಳ ಪ್ರತಿಭೆಗೆ ಪ್ರೋತ್ಸಾಹ ಎಂದು ಹೆಸರು.

ಮೈ ಬೆಳೆದದ್ದಕ್ಕೆ ಬೇಸರಪಟ್ಟವರು ಯಾರೂ ಇರಲಿಲ್ಲ. ಅಮ್ಮನಿಗಂತೂ ಅದು ಹೆಮ್ಮೆ. ದಂಡೆಯ ಹೆಂಗಸರಿಗೆ ನನ್ನನ್ನು ತೋರಿಸಿ, "ಅಕ್ಕೋರಂದ್ರೆ ಹೀಂಗಿರೂಕು. ನಮ್ಮಂಗೆ ಒಣ ಸಿಗಡಿ ಆದ್ರೆ ಯಾರು ಹೆದರ್ತ್ರು?" ಎನ್ನುತ್ತಿದ್ದಳು. ಹೀಗೆ ನನ್ನ ತೂಕ ಶಾಲೆಯ ಶಿಸ್ತಿನ ಒಂದು ಭಾಗವೇ ಆಗಿಬಿಟ್ಟಿತ್ತು.

ಮರ್ಯಾದೆ ಹೋದದ್ದು ಕುಮಟಾ ಕಡೆಯ ಸಂತೆಗುಳಿಯಲ್ಲಿ. ನಮ್ಮ ಶಾಲೆಯ ಮಾಸ್ತರೊಬ್ಬರು ಅಲ್ಲಿ ಹೊಸ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಿದ್ದರು. ಮನೆ ಇದ್ದದ್ದು ಗುಡ್ಡದ ನೆತ್ತಿಯಲ್ಲಿ. ಅಲ್ಲಿಗೆ ಕೆಂಪು ಕಲ್ಲನ್ನು ಕಡಿದು ಮೆಟ್ಟಿಲು ಮಾಡಿದ್ದರು. ಇಪ್ಪತ್ತನೆಯ ಮೆಟ್ಟಿಲಿನವರೆಗೆ ನಾನು ಮಾತಾಡುತ್ತ ಹತ್ತಿದೆ. ಮೂವತ್ತಕ್ಕೆ ಮಾತು ನಿಂತಿತು. ನಲವತ್ತಕ್ಕೆ ಎದೆ ಡವಗುಟ್ಟಿ, ಕಣ್ಣಿಗೆ ಕತ್ತಲೆ ಬಂದು, ಅಲ್ಲೇ ಕೂತುಬಿಟ್ಟೆ. ಹಿಂದೆ ಬಂದ ನೆಂಟರೆಲ್ಲ ನನ್ನನ್ನು ಬಳಸಿಕೊಂಡು ಹತ್ತಬೇಕಾಯಿತು. ಮನೆಯ ಅಜ್ಜಿ ಮೇಲಿನಿಂದಲೇ, "ಎಂತ ಆತು ತಂಗಿ? ಹೆದರಡ, ಈಗ ಜನ ಕಳಸ್ತೆ" ಎಂದು ಕೂಗಿದರು. ಜನ ಬಂದರು. ಅಡುಗೆಗೆ ಬಂದಿದ್ದ ನಾಲ್ವರು ಗಟ್ಟಿಗರು ಒಂದು ಕುರ್ಚಿ ತಂದು, ಅದರಲ್ಲಿ ನನ್ನನ್ನು ಕೂರಿಸಿ, ಪಲ್ಲಕ್ಕಿಯಂತೆ ಹೊತ್ತು ಮೇಲಕ್ಕೆ ಒಯ್ದರು. ಅಂಗಳದಲ್ಲಿದ್ದವರು ಎದ್ದು ನಿಂತರು. ಯಾರೋ ವಾಲಗದವನಿಗೆ ಕಣ್ಣು ಹೊಡೆದಿರಬೇಕು, ಅವನು ಒಂದು ಸಲ ಊದಿಯೂಬಿಟ್ಟ.

ಇಷ್ಟಾದ ಮೇಲೂ ನಾನು ಮೂರು ಹೋಳಿಗೆ ತಿಂದೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ನಾಲ್ಕು.

ಮರುವಾರ ಗಂಡ ನನ್ನನ್ನು ಹೊನ್ನಾವರದ ಡಾಕ್ಟರ ಬಳಿ ಕರೆದೊಯ್ದರು. ಆಗ ಮೂತ್ರದ ಪರೀಕ್ಷೆ ರೋಗಿಯ ಕಣ್ಣೆದುರೇ ನಡೆಯುತ್ತಿತ್ತು. ಗಾಜಿನ ನಳಿಗೆಯಲ್ಲಿ ನೀಲಿ ಔಷಧಿ ಹಾಕಿ, ನಾಲ್ಕು ಹನಿ ಸೇರಿಸಿ, ದೀಪದ ಮೇಲೆ ಕಾಯಿಸಿದರು. ನೀಲಿಯೇ ಉಳಿದರೆ ಒಳ್ಳೆಯದು, ಹಸಿರಾದರೆ ಎಚ್ಚರಿಕೆ. ನನ್ನದು ಹಸಿರನ್ನೂ ಹಳದಿಯನ್ನೂ ದಾಟಿ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು.

"ನಿಮ್ಮ ತಾಯಿಗೆ ಸಕ್ಕರೆ ಇತ್ತೇ?" ಎಂದು ಕೇಳಿದರು.

"ಇಲ್ಲ ಡಾಕ್ಟ್ರೆ, ನಮ್ಮನೇಲಿ ಆಗ ಬರೀ ಬೆಲ್ಲ" ಎಂದೆ.

ಡಾಕ್ಟರು ನಗಲಿಲ್ಲ. ಸಕ್ಕರೆ, ಹುರಿದದ್ದು, ಕರಿದದ್ದು ಬಿಡಬೇಕು. ಅನ್ನ ಅರ್ಧಕ್ಕರ್ಧ. ತೆಂಗಿನಕಾಯಿ ಹೆಸರಿಗೆ ಮಾತ್ರ. ತರಕಾರಿ, ಹೆಸರುಕಾಳು, ಸಾರಿನ ಮೀನು ಆಗಬಹುದು. ಬೆಳಿಗ್ಗೆ ಒಂದು ತಾಸು ಬಿರುಸಾಗಿ ನಡೆಯಬೇಕು. "ಆರು ತಿಂಗಳು ನೋಡುವಾ. ಆಗಲಿಲ್ಲ ಅಂದ್ರೆ ಮಾತ್ರೆ, ಆಮೇಲೆ ಇಂಜೆಕ್ಷನ್ನು" ಎಂದರು.

ಅನ್ನ ಬಿಡುವುದು ಕಷ್ಟವೆಂದು ತಿಳಿದಿದ್ದೆ. ಅದಕ್ಕಿಂತ ಕಷ್ಟ ನಡೆಯುವುದು ಎಂದು ಮೊದಲ ದಿನವೇ ತಿಳಿಯಿತು. ನಮ್ಮ ಊರಿನಲ್ಲಿ ಜನ ನಡೆಯುತ್ತಾರೆ, ಆದರೆ ಎಲ್ಲಿಗಾದರೂ ನಡೆಯುತ್ತಾರೆ. ಸುಮ್ಮನೆ ನಡೆಯುವುದು ಎಂಬ ಪದ್ಧತಿಯೇ ಇಲ್ಲ. ಮನೆಯಿಂದ ಹೆದ್ದಾರಿಗೆ ಬರುವಷ್ಟರಲ್ಲಿ ಐದು ಜನ, "ಎಲ್ಲಿಗ್ ಹೊರಟ್ರಿ ಅಕ್ಕೋರೆ?" ಎಂದು ಕೇಳಿದರು. "ಎಲ್ಲಿಗೂ ಇಲ್ಲ" ಎಂದರೆ ಅನುಮಾನದಿಂದ ನೋಡಿದರು. ಎರಡನೆಯ ದಿನ ಕೊಡೆ ಹಿಡಿದು ಹೋದೆ, ಏನೋ ಕೆಲಸವಿದೆಯೆಂದು ಕಾಣಲಿ ಎಂದು. ಆಗ ಭಟ್ಕಳದ ಬಸ್ಸು ನನ್ನ ಪಕ್ಕದಲ್ಲೇ ಬಂದು ನಿಂತಿತು. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. "ಬನ್ನಿ ಅಕ್ಕೋರೆ, ಬಸ್ಸು ತಪ್ಪೋಯ್ತಾ? ಕೂತ್ಕಳಿ" ಎಂದ. ಬೇಡವೆಂದೆ. "ನೀವ್ ಹತ್ತದೆ ಬಸ್ ಬಿಡೂದಿಲ್ಲ" ಎಂದ. ಒಳಗಿನ ಮೂವತ್ತು ಜನ ಕಿಟಕಿಯಿಂದ ಇಣುಕುತ್ತಿದ್ದರು. ಹತ್ತಿದೆ. ಶಿರಾಲಿಯಲ್ಲಿ ಇಳಿದು, ಅಷ್ಟೂ ದೂರ ವಾಪಸು ನಡೆದು ಬಂದೆ. ಡಾಕ್ಟರು ಹೇಳಿದ್ದಕ್ಕಿಂತ ಹೆಚ್ಚೇ ಆಯಿತು. ಶಾಲೆಗೆ ತಡವಾದದ್ದು ಬೇರೆ ಮಾತು.

ವಾರ ಮುಗಿಯುವುದರೊಳಗೆ ಸುದ್ದಿ ಹಬ್ಬಿತು. ಅಕ್ಕೋರು ಬೆಳಿಗ್ಗೆ ಬೆಳಿಗ್ಗೆ ಮನೆ ಬಿಟ್ಟು ಹೋಗುತ್ತಾರಂತೆ, ಬಸ್ಸು ಹತ್ತುತ್ತಾರಂತೆ, ಮತ್ತೆ ಮನಸ್ಸು ಬದಲಾಯಿಸಿ ಬರುತ್ತಾರಂತೆ. ಟಪಾಲು ಕಚೇರಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡನನ್ನು ಜನ ಕನಿಕರದಿಂದ ನೋಡತೊಡಗಿದರು. ಕಾರ್ಡು ತೆಗೆದುಕೊಳ್ಳಲು ಬಂದ ಒಬ್ಬರು, "ಸಂಸಾರ ಅಂದ್ಮೇಲೆ ಎಲ್ಲ ಇಪ್ಪದೇ, ನೀವೇ ಸ್ವಲ್ಪ ತಗ್ಗಿ ನಡೀರಿ" ಎಂದು ಬುದ್ಧಿ ಹೇಳಿದರಂತೆ.

ಭಾನುವಾರ ಅಮ್ಮ ಬಂದಳು. ದಂಡೆಯ ಮನೆಯಿಂದ ಎರಡು ಮೈಲು ನಡೆದೇ ಬಂದಿದ್ದಳು. ಅರವತ್ತೆಂಟು ವರ್ಷ, ಮೈಯಲ್ಲಿ ಒಂದು ಹನಿ ಬೆವರಿಲ್ಲ. ನನ್ನ ತಮ್ಮ ಮೀನುಗಾರಿಕೆಯಲ್ಲಿ ಚೆನ್ನಾಗಿ ಸಂಪಾದಿಸುತ್ತಿದ್ದುದರಿಂದ ಅವಳು ಬುಟ್ಟಿ ಇಳಿಸಿ ಆರು ವರ್ಷವಾಗಿತ್ತು. ಜಗಲಿಯಲ್ಲಿ ಕೂತವಳೇ ಅಳಿಯನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದಳು: "ಎಂತ ಮಾಡ್ದೆ ನನ್ನ ಮಗಳಿಗೆ?"

ನಾನು ಎಲ್ಲವನ್ನೂ ಹೇಳಿದೆ. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದಾಗ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ಆಮೇಲೆ ಕಣ್ಣೊರೆಸುವುದು ನಿಲ್ಲಲಿಲ್ಲ, ನಗು ನಿಂತಿತ್ತು.

"ನಾ ನಡ್ದದ್ದೆಲ್ಲ ನೀ ಕೂತ್ಕಳ್ಳಲಿ ಅಂದೇ ಅಲ್ದನೇ ಮಗಾ? ಈಗ ಅವ ಯಾರೋ ಬಂದು ನಡಿ ಅಂದ್ರೆ ನಡೀತ್ಯಾ?"



ಅವಳು ಕಾಣೆ ಮೀನು ತಂದಿದ್ದಳು. ತಾನೇ ಹುರಿದು, ಕುಚ್ಚಲಕ್ಕಿ ಅನ್ನ ಗುಡ್ಡೆ ಹಾಕಿ ಬಡಿಸಿದಳು. ನಾನು ಅರ್ಧ ಉಂಡು ಅರ್ಧ ಬದಿಗೆ ಸರಿಸಿದೆ. ಅಮ್ಮ ಆ ಅರ್ಧವನ್ನೇ ನೋಡುತ್ತ ಕೂತಳು. ಮಳೆಗಾಲದಲ್ಲಿ ದೋಣಿ ಇಳಿಯದ ದಿನಗಳಲ್ಲಿ ಗಂಜಿಯ ಅಗುಳನ್ನು ನನ್ನ ತಟ್ಟೆಗೆ ಹಾಕಿ ತಾನು ತಿಳಿ ಕುಡಿದವಳು ಅವಳು. ಅನ್ನ ಬಿಟ್ಟ ಮಗಳನ್ನು ಅವಳು ನೋಡಿದ್ದು ಅದೇ ಮೊದಲು. "ನನ್ ಕೈ ರುಚಿ ಹೋತಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು.

ಆಗ ನಾನು ನಮ್ಮ ಹಳೆಯ ಹೆಡ್ಮಾಸ್ತರರ ಹೆಸರೆತ್ತಿದೆ. ಮೀನುಗಾರರ ಹುಡುಗಿಯನ್ನು ಏಳನೆಯ ತರಗತಿ ದಾಟಿಸಲೇಬೇಕೆಂದು ನಮ್ಮ ಮನೆ ಬಾಗಿಲಿಗೆ ನಾಲ್ಕು ಸಲ ಬಂದು ಅಪ್ಪನನ್ನು ಒಪ್ಪಿಸಿದವರು ಅವರು. ಕೊನೆಗೆ ಕಾಲಿನ ಗಾಯ ಮಾಯದೆ, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಗಿ ಬಂದು, ಜಗಲಿಯ ಮೇಲೇ ಉಳಿದವರು. ಅಮ್ಮ ಪ್ರತಿವಾರ ಅವರ ಮನೆಗೆ ಮೀನು ಕೊಟ್ಟು ಬರುತ್ತಿದ್ದಳು.

"ಅವರಿಗೆ ಆದದ್ದು ಇದೇ ಕಾಯಿಲೆ ಅಮ್ಮಾ."

ಅಮ್ಮ ನನ್ನ ತಟ್ಟೆ ಎತ್ತಿ, ಉಳಿದ ಅನ್ನವನ್ನು ತಾನೇ ಉಂಡು, ಕೈ ತೊಳೆದು ಬಂದು ಹೇಳಿದಳು: "ನೀ ಒಬ್ಳೇ ನಡ್ಯೂದು ಬ್ಯಾಡ. ನಿಂಗೆ ನಡ್ಯೂಕೆ ಬರೂದಿಲ್ಲ."

ಮರುದಿನದಿಂದ ಅವಳು ನಮ್ಮಲ್ಲೇ ಉಳಿದಳು. ಬೆಳಕು ಹರಿಯುವ ಹೊತ್ತಿಗೆ ಹೊರಡುವುದು, ತನ್ನ ಹಳೆಯ ಮೀನಿನ ದಾರಿಯಲ್ಲೇ ನಡೆಯುವುದು. ಮಕ್ಕಳಿಗೆ ಕಲಿಸುವ ನಾನು ನಲವತ್ತೈದನೆಯ ವರ್ಷದಲ್ಲಿ ಒಂದನೆಯ ತರಗತಿಗೆ ಸೇರಿದೆ. ಹೆಜ್ಜೆ ಎಳೆಯಬಾರದು. ಏರಿನಲ್ಲಿ ಮಾತಾಡಬಾರದು. ಬಗ್ಗಬಾರದು. "ತಲೆ ಮೇಲೆ ಬುಟ್ಟಿ ಇದ್ದಂಗೆ ನಡಿ" ಎನ್ನುತ್ತಿದ್ದಳು. ಅವಳು ಮುಂದೆ, ನಾನು ಹಿಂದೆ ಏದುಸಿರು ಬಿಡುತ್ತ. ಆಗಾಗ ಅವಳ ಬಲಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಬುಟ್ಟಿಯ ಅಂಚನ್ನು ಹುಡುಕಿ, ಪೆಚ್ಚಾಗಿ ಇಳಿಯುತ್ತಿತ್ತು. "ಬರೀ ತಲೇಲಿ ನಡ್ಯೂಕೆ ಒಂಥರಾ ನಾಚ್ಕೆ ಆತದೆ" ಎಂದು ಒಂದು ದಿನ ಹೇಳಿಕೊಂಡಳು. ಕೊಡೆ ಹಿಡಿದು ಹೋದ ನನ್ನ ನಾಚಿಕೆ ಎಲ್ಲಿಂದ ಬಂದಿತ್ತೆಂದು ಆಗ ಗೊತ್ತಾಯಿತು.

ಅವಳು ಜೊತೆಯಾದ ಮೇಲೆ ಎಲ್ಲಿಗೆಂದು ಯಾರೂ ಕೇಳಲಿಲ್ಲ. ಹಳೆಯ ಗಿರಾಕಿಗಳು ಮಾತ್ರ ಬೇಲಿಯಾಚೆಯಿಂದ ಅಭ್ಯಾಸಬಲದಿಂದ ಕೂಗುತ್ತಿದ್ದರು: "ಏನೇ, ಎಂತ ಮೀನು ಇವತ್ತು?"

"ಇವತ್ತು ಮೀನಿಲ್ಲ ಅಮ್ಮಾ, ಮಗಳನ್ನ ತಂದೆ."

"ತಾಜಾ ಇದ್ದಾ?"

"ತಾಜಾ ಎಲ್ಲಿ, ನೋಡು, ಕಣ್ಣು ಒಳಗೆ ಹೋಗಿದೆ" ಎಂದು ಅಮ್ಮ ನನ್ನ ಗಲ್ಲ ಹಿಡಿದು ತೋರಿಸುತ್ತಿದ್ದಳು.

ಊಟದಲ್ಲೂ ಅವಳದೇ ಕಾರುಬಾರು. ಡಾಕ್ಟರು ಅರ್ಧ ಎಂದದ್ದನ್ನು ಅವಳು ಒಂದು ಸೌಟು ಎಂದು ತಿದ್ದಿದಳು. ಬಂಗಡೆಯನ್ನು ಎಣ್ಣೆಯಿಲ್ಲದೆ ಬಾಳೆಲೆಯಲ್ಲಿ ಸುಟ್ಟು ಕೊಟ್ಟಳು. ಬಸಳೆ, ಹರಿವೆ, ನುಗ್ಗೆಸೊಪ್ಪು ಸರದಿಯ ಮೇಲೆ ಬಂದವು. ರಾಗಿ ಅಂಬಲಿ ಕುಡಿಯುವಾಗ ನಾನು ಮುಖ ಕಿವಿಚಿದರೆ, "ಇದು ಕುಡ್ದೇ ನಾ ನಾಲ್ಕು ಮಕ್ಕಳನ್ನ ಹೆತ್ತೆ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಶಾಲೆಯಲ್ಲಿ ಸ್ವಾತಂತ್ರ್ಯ ದಿನದ ಲಾಡು ಹಂಚಿದಾಗ ನಾನು ನನ್ನ ಪಾಲನ್ನು ಭೂಪಟದ ಕಪಾಟಿನ ಹಿಂದೆ ನಿಂತು ತಿಂದೆ. ಮನೆಗೆ ಬಂದ ಕೂಡಲೇ ಅಮ್ಮ ನನ್ನ ಸೆರಗಿನ ಮೇಲಿದ್ದ ಒಂದು ಬೂಂದಿ ಕಾಳನ್ನು ಎತ್ತಿ ತೋರಿಸಿದಳು. ಮರುದಿನ ಅರ್ಧ ಮೈಲು ಹೆಚ್ಚಿಗೆ ನಡೆಸಿದಳು.

ಆರು ತಿಂಗಳಿಗೆ ಮತ್ತೆ ಹೊನ್ನಾವರಕ್ಕೆ ಹೋದೆವು. ಅಮ್ಮನೂ ಬಂದಿದ್ದಳು. ನಳಿಗೆಯನ್ನು ದೀಪದ ಮೇಲೆ ಹಿಡಿದಾಗ ಡಾಕ್ಟರಿಗಿಂತ ಹತ್ತಿರ ಬಗ್ಗಿ ನೋಡಿದವಳು ಅವಳೇ. ನೀಲಿ ಕುದಿಯಿತು, ಸ್ವಲ್ಪ ಹಸಿರಾದಂತೆ ಮಾಡಿತು, ಅಲ್ಲೇ ನಿಂತಿತು. "ಮಾತ್ರೆ ಸದ್ಯಕ್ಕೆ ಬೇಡ, ಹೀಗೇ ನಡೆಸಿ" ಎಂದರು ಡಾಕ್ಟರು. ತಕ್ಕಡಿ ಹನ್ನೊಂದು ಕಿಲೋ ಕಡಿಮೆ ತೋರಿಸಿತು. ಅಮ್ಮ ಬಸ್ಸಿನಲ್ಲಿ ಇಡೀ ದಾರಿ ನನ್ನ ಪಾದವನ್ನು ನೋಡುತ್ತಿದ್ದಳು. ಒಂದು ಸಲ ಬಗ್ಗಿ ಹೆಬ್ಬೆರಳನ್ನು ಮುಟ್ಟಿದಳು.

ಇದಾಗಿ ಕೆಲವು ದಿನಗಳಿಗೆ, ಹೆದ್ದಾರಿಯ ಏರಿನ ಮೋರಿಯ ಹತ್ತಿರ ಅಮ್ಮ ಇದ್ದಕ್ಕಿದ್ದಂತೆ ನಿಂತಳು. ಕತ್ತು ಎಡಕ್ಕೆ ತಿರುಗಿಸಿ ನೋಡುತ್ತಿದ್ದಳು. ಗಾಳಿಮರಗಳ ನಡುವೆ ಸಮುದ್ರ ಕಾಣುತ್ತಿತ್ತು, ಬೆಳಗಿನ ಬಿಸಿಲಿಗೆ ಬೆಳ್ಳಗೆ.

"ಇಲ್ಲಿಂದ ಕಡಲು ಕಾಣ್ತದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ಮಗಾ."

"ನಲವತ್ತು ವರ್ಷ ಇದೇ ದಾರಿಲಿ ನಡೆದೆಯಲ್ಲೇ?"

"ಬುಟ್ಟಿ ಇದ್ರೆ ಕತ್ತು ತಿರ್ಗಿಸೂಕೆ ಆತದ್ಯಾ? ವಾಪಸ್ ಬರೂದು ಗದ್ದೆ ಒಳದಾರಿ. ಬುಟ್ಟಿ ಇಳಿಸಿದ್ರೂ ಕತ್ತಿನ ಅಭ್ಯಾಸ ಹೋಗ್ಲಿಲ್ಲ."

ಮೋರಿಯ ಕಟ್ಟೆಯ ಮೇಲೆ ಅವಳು ಕೂತಳು. ನಾನೂ ಕೂತೆ. ಬಸ್ಸು ಬಂದು ನಿಧಾನ ಮಾಡಿತು, ಕೈ ಬೀಸಿ ಕಳಿಸಿದೆವು. ಆ ದಿನ ನಡೆದದ್ದು ಕಾಲು ತಾಸು, ಕೂತದ್ದು ಮುಕ್ಕಾಲು ತಾಸು. ಏಳುವಾಗ ಅಮ್ಮ ಸೀರೆ ಕೊಡವಿಕೊಳ್ಳುತ್ತ ಹೇಳಿದಳು: "ಇದನ್ನೂ ನಡ್ದದ್ದು ಅಂತಲೇ ಹೇಳು ಡಾಕ್ಟ್ರಿಗೆ."

ಹಾಗೆಯೇ ಹೇಳಿದೆ. ಡಾಕ್ಟರು ನಂಬಿದರು. ನನಗೂ ಅದು ಸುಳ್ಳೆಂದು ಅನಿಸಲಿಲ್ಲ.