ಸೆರಗಿನಲ್ಲಿ ಕಟ್ಟಿ ತಂದ ಅಕ್ಕಿ

ಒದ್ದೆ ಗಂಧ, ಲವಂಗ, ಹಳೆಯ ಅಕ್ಕಿ. ಈ ಮೂರೂ ಕೂಡಿದ ವಾಸನೆಯೊಂದಿದೆ. ಹೋದ ತಿಂಗಳು ಬಸದಿಯ ಹೊಸ್ತಿಲು ದಾಟುವಾಗ ಅದು ಮೂಗಿಗೆ ಬಡಿಯಿತು, ನಾನು ಇದ್ದಲ್ಲೇ ನಿಂತುಬಿಟ್ಟೆ.

ಬೆಳಗಾವಿ ಕಡೆ ಒಂದು ಮದುವೆ ಮುಗಿಸಿಕೊಂಡು ಟೆಂಪೋದಲ್ಲಿ ಹುಬ್ಬಳ್ಳಿಗೆ ಹೊರಳಿ ಬರುತ್ತಿದ್ದೆವು. ಗುಡ್ಡದ ಬುಡದಲ್ಲಿ ಚಹಾಕ್ಕೆ ನಿಲ್ಲಿಸಿದರು. ತಲೆ ಎತ್ತಿ ನೋಡಿದರೆ ಮೇಲೆ ಬಸದಿ. ಇಪ್ಪತ್ತೆಂಟು ವರ್ಷದ ಹಿಂದೆ ನಾನು ಹತ್ತಿದ್ದ ಗುಡ್ಡವೇ ಅದು. ಉಳಿದವರು ಚಹಾ ಕುಡಿಯುತ್ತ ಕೂತರು, ನಾನೊಬ್ಬಳೇ ಹತ್ತಿದೆ. ಈ ಮೊಣಕಾಲು ಇಟ್ಟುಕೊಂಡು ಇನ್ನೊಮ್ಮೆ ಹತ್ತಲಿಕ್ಕಾಯಿತಲ್ಲ, ಅಷ್ಟು ಮಾಡಿದ ಶಿವನಿಗೆ ಮೆಟ್ಟಿಲು ಮೆಟ್ಟಿಲಿಗೂ ಕೈಮುಗಿದೆ.

ಒಳಗೆ ತಂಪು. ಕಲ್ಲಿನ ತೀರ್ಥಂಕರರ ಮುಂದೆ ಒಂದು ಮಣೆ, ಮಣೆಯ ಮೇಲೆ ಅಕ್ಕಿಯ ಸಣ್ಣ ಸಣ್ಣ ಗುಪ್ಪೆಗಳು, ಒಂದೊಂದರ ನೆತ್ತಿಗೆ ಲವಂಗವೋ ಬಾದಾಮಿಯೋ. ಕೈಮುಗಿದು ಸ್ವಲ್ಪ ಹೊತ್ತು ನಿಂತೆ. ಯಾರೂ ಪ್ರಸಾದ ಕೊಡಲಿಲ್ಲ. ಗುಡಿಯಿಂದ ಬರಿಗೈಲಿ ಬಂದು ರೂಢಿಯಿಲ್ಲ ನನಗೆ. ಮನೆಯಲ್ಲಿ ಸೊಸೆಗೂ ಮೊಮ್ಮಗಳಿಗೂ ನಾಲ್ಕು ಕಾಳು ಒಯ್ದರಾಯಿತು ಅಂತ ಗುಪ್ಪೆಗೆ ಕೈ ಚಾಚಿದೆ. ಪಕ್ಕದಲ್ಲಿ ಕೂತು ಅಕ್ಕಿ ಇಡುತ್ತಿದ್ದ ಹೆಣ್ಣುಮಗಳು ಮೆಲ್ಲಗೆ ನನ್ನ ಕೈ ಹಿಡಿದಳು.

"ಅವ್ವಾರ, ಅದನ್ನ ತಗೋಬ್ಯಾಡ್ರಿ. ದೇವರ ಮುಂದ ಇಟ್ಟದ್ದು ನಾವು ತಿರುಗಿ ಮುಟ್ಟೂದಿಲ್ಲ."

"ಯಾಕವಾ, ಪ್ರಸಾದ ಅಲ್ಲೇನು?"

"ನಮ್ಮಾಗ ಪ್ರಸಾದ ಅಂತ ಇಲ್ರಿ. ಅದು ನಿರ್ಮಾಲ್ಯ. ಬಿಟ್ಟದ್ದನ್ನ ತಿಂದ್ರ ದೋಷ ಅಂತಾರ."

ಕೈ ಹಿಂದಕ್ಕೆ ತೆಗೆದುಕೊಂಡೆ. ಆಕೆ ಮತ್ತೆ ತನ್ನ ಅಕ್ಕಿಯ ಕಡೆ ತಿರುಗಿದಳು. ನಾನು ಅಲ್ಲೇ ಕಂಬಕ್ಕೆ ಆತು ಕೂತೆ. ಯಾಕೆಂದರೆ ಇದೇ ಮಣೆಯ ಮೇಲಿನ ಅಕ್ಕಿಯನ್ನು ನಾನು ಒಮ್ಮೆ ಒಯ್ದಿದ್ದೆ. ಒಯ್ದು, ಬೇಯಿಸಿ, ಅದನ್ನು ಮುಟ್ಟಲೇಬಾರದವರ ಬಾಯಿಗೆ ನನ್ನ ಕೈಯಾರೆ ಹಾಕಿದ್ದೆ...

ಅವರು ನಮ್ಮ ಎದುರುಮನೆಯ ಕಾಕು. ನಾನು ಮದುವೆಯಾಗಿ ಕಮರಿಪೇಟೆಯ ಓಣಿಗೆ ಬಂದಾಗ ಓಣಿಗೆಲ್ಲ ಅವರು ಕಾಕುವೇ, ಚಿಕ್ಕಮ್ಮನೇ ಆಗಿದ್ದರು. ಐವತ್ತು ದಾಟಿದ ವಯಸ್ಸು, ತೆಳ್ಳಗಿನ ಮೈ, ಮಗ ಸೊಸೆಯ ಜೊತೆ ಇದ್ದರು. ಜೈನರ ಮನೆ. ನಳಕ್ಕೆ ಬಿಳೀ ಬಟ್ಟೆ ಕಟ್ಟಿ ಸೋಸಿಕೊಂಡೇ ನೀರು ಹಿಡಿಯುತ್ತಿದ್ದರು. ಸೋಸಿದ ಮೇಲೆ ಆ ಬಟ್ಟೆಯನ್ನು ತಿರುವಿ, ಮೇಲೆ ಒಂದು ತಂಬಿಗೆ ನೀರು ಸುರಿದು, ಕಣ್ಣಿಗೆ ಕಾಣದ ಜೀವಗಳೇನಾದರೂ ಸಿಕ್ಕಿದ್ದರೆ ಅವು ನೀರಿಗೇ ಹೊರಳಿ ಹೋಗಲಿ ಅನ್ನುತ್ತಿದ್ದರು. ನಳಕ್ಕೆ ನೀರು ಬರುವುದೇ ವಾರಕ್ಕೊಮ್ಮೆ. ಆ ಗದ್ದಲದಲ್ಲೂ ಇದು ತಪ್ಪುತ್ತಿರಲಿಲ್ಲ. ಹೊತ್ತು ಮುಳುಗುವುದರೊಳಗೆ ಊಟ ಮುಗಿಯಬೇಕು. ನಮ್ಮತ್ತೆಯವರಿಗೆ ಅದೇ ಗಡಿಯಾರ. "ಕಾಕು ತಾಟು ತೊಳದ್ರು, ದೀಪ ಹಚ್ಚವಾ" ಅನ್ನುತ್ತಿದ್ದರು.

ಒಂದು ದಿನ ನಾವಿಬ್ಬರೂ ಉಳ್ಳಾಗಡ್ಡಿ ಹೆಚ್ಚುತ್ತ ಕೂತಾಗ ಕಾಕು ಬಂದರು. ಅತ್ತೆ ಚೇಷ್ಟೆ ಮಾಡಿದರು, "ಬರ್ರಿ ಅಕ್ಕಾರ, ಅಳೂದಿದ್ರ ಕೂಡೇ ಅಳೂಣು."

ಕಾಕು ಹೊಸ್ತಿಲ ಹೊರಗೇ ಕೂತು ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. "ತಿನ್ನೂದಷ್ಟ ಬಿಟ್ಟೇನ್ರಿ. ಅಳೂದೇನ ಬಿಟ್ಟಿಲ್ಲ."

ಹೀಗಿತ್ತು ನಮ್ಮ ಬಳಕೆ. ಅವರ ಕಟ್ಟಳೆ ಅವರಿಗೆ, ನಮ್ಮ ಲಿಂಗಪೂಜೆ ನಮಗೆ. ಅವರ ಕಟ್ಟಳೆಯೆಲ್ಲ ನನಗೆ ಗೊತ್ತು ಅಂತ ನನಗೊಂದು ಹೆಮ್ಮೆಯೂ ಇತ್ತು. ಗಡ್ಡೆ ತಿನ್ನುವುದಿಲ್ಲ, ರಾತ್ರಿ ಉಣ್ಣುವುದಿಲ್ಲ, ನೀರು ಸೋಸಬೇಕು. ಅಷ್ಟೇ ಅಂದುಕೊಂಡಿದ್ದೆ.

ಆ ವರ್ಷ ಕಾಕು ಯಾವುದೋ ನೋಂಪಿ ಹಿಡಿದಿದ್ದರು. ವ್ರತಕ್ಕೆ ಅವರು ನೋಂಪಿ ಅನ್ನುತ್ತಾರೆ. ಅದನ್ನು ಮುಗಿಸಲು ಗುಡ್ಡದ ಬಸದಿಗೆ ಹೋಗಬೇಕಿತ್ತು. ಸೊಸೆ ಬಸುರಿ, ಮಗನಿಗೆ ಅಂಗಡಿ ಬಿಟ್ಟು ಬರಲಾಗದು. "ತಂಗಿ, ನೀ ಬರ್ತೀಯೇನು?" ಅಂದರು. ನಾನು ಊರು ಬಿಟ್ಟು ಎಲ್ಲಿ ಹೋದವಳು? ತವರು ಅಂದರೆ ಮುಗದ, ಅಷ್ಟೇ. ಕೇಳಿದ್ದೇ ತಡ ಸೀರೆ ಮಡಚಿ ಇಟ್ಟುಕೊಂಡೆ. ಅತ್ತೆ ತಡೆಯಲಿಲ್ಲ. ಹೊರಡುವಾಗ ಒಂದೇ ಮಾತು ಹೇಳಿದರು, "ದ್ಯಾವ್ರು ಯಾರದಾದ್ರೇನು, ಪ್ರಸಾದ ಮಾತ್ರ ಮರೀದ ತಗೊಂಡ ಬಾ."

ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಇಂಥವನ್ನೆಲ್ಲ ನಾನು ಇನ್ನೂ ನೆನಪಿಟ್ಟಿದ್ದೇನೆ, ಸಿಕ್ಕಿದ್ದನ್ನು ಮರೆಯಬಾರದು ಅಂತ. ಗುಡ್ಡ ಹತ್ತುವಾಗ ಕಾಕು ನೆಲ ನೋಡಿಕೊಂಡೇ ನಡೆದರು, ಇರುವೆ ಸಾಲು ಕಂಡಲ್ಲಿ ನನ್ನನ್ನೂ ನಿಲ್ಲಿಸಿದರು. ಒಳಗೆ ಹೋಗಿ ಸ್ಟೀಲಿನ ಡಬ್ಬಿ ತೆಗೆದರು. ತೊಳೆದು ಒಣಗಿಸಿದ ಅಕ್ಕಿ, ಅದರೊಳಗೆ ಲವಂಗ. ಗುಪ್ಪೆ ಇಟ್ಟರು, ನನಗೂ ಒಂದು ಮುಷ್ಟಿ ಕೊಟ್ಟರು.

"ಏನ ಬೇಡ್ಕೊಳ್ಳಲಿ ಕಾಕು?"

"ಬೇಡೂದಲ್ಲ ತಂಗಿ. ಇಟ್ಟು ಬಿಡು."

ದೇವರ ಮುಂದೆ ನಿಂತು ಏನೂ ಬೇಡದೆ ಇರುವುದು ಹೇಗೆ? ನನಗೆ ತಿಳಿಯಲಿಲ್ಲ. ಇಟ್ಟೆ. ಅವರು ಪ್ರದಕ್ಷಿಣೆಗೆ ಹೋದರು. ಪೂಜೆಯವರು ನನ್ನ ಹಣೆಗೆ ಗಂಧದ ನೀರು ಹಚ್ಚಿದರು, ಮತ್ತೇನೂ ಕೊಡಲಿಲ್ಲ. ಅತ್ತೆಯ ಮಾತು ನೆನಪಾಯಿತು. ಕೊಡಲು ಮರೆತರೇನೋ, ಹೊಸಬಳು ನಾನು, ಕೇಳಲು ನಾಚಿಕೆ. ಕಾಕು ಇಟ್ಟ ಗುಪ್ಪೆಯಿಂದಲೇ ಒಂದು ಮುಷ್ಟಿ ತೆಗೆದು ಸೆರಗಿನ ಚುಂಗಿಗೆ ಗಂಟು ಹಾಕಿಕೊಂಡೆ. ಕದ್ದೆ ಅಂತ ಅನಿಸಲೇ ಇಲ್ಲ. ಮನೆಗೆ ತಂದಾಗ ಅತ್ತೆ ಕಣ್ಣಿಗೊತ್ತಿಕೊಂಡು ದೇವರ ಜಗುಲಿಯ ಡಬ್ಬಿಯಲ್ಲಿ ಇಟ್ಟರು.

ಹದಿನೈದು ದಿನಕ್ಕೆ ಕಾಕುವಿಗೆ ಜ್ವರ ಬಂತು. ಟೈಫಾಯ್ಡ್ ಅಂದರು ಡಾಕ್ಟರು. ಜ್ವರ ಇಳಿಯಿತು, ಆದರೆ ಬಾಯಿ ಕಟ್ಟಿಹೋಯಿತು. ಗಂಜಿ ತಂದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ಎಂಟು ದಿನ ಹೀಗೇ ಆಯಿತು. ಹೊಟ್ಟೆಗೆ ಏನಾದರೂ ಹೋಗದಿದ್ದರೆ ಉಳಿಯುವುದು ಕಷ್ಟ ಅಂತ ಡಾಕ್ಟರು ಹೇಳಿದ್ದನ್ನು ಅವರ ಸೊಸೆ ನಮ್ಮ ಕಟ್ಟೆಯ ಮೇಲೆ ಕೂತು ಅಳುತ್ತ ಹೇಳಿದಳು. "ಅತ್ತೆಯವರು ಅನ್ನ ಬಿಟ್ಟ ಬಿಟ್ಟಾರೇನೋ ಅನಸ್ತೈತ್ರಿ" ಅಂದಳು. ಅವರಲ್ಲಿ ಹಾಗೆ ಅನ್ನ ನೀರು ಬಿಟ್ಟು ಹೋಗುವವರಿದ್ದಾರೆ ಅಂತ ನಾನೂ ಕೇಳಿದ್ದೆ.

ಆಗ ನನಗೆ ಹೊಳೆದದ್ದು ಆ ಡಬ್ಬಿ. ಅವರದೇ ದೇವರ ಪ್ರಸಾದ ಇದೆಯಲ್ಲ ನಮ್ಮ ಜಗುಲಿಯ ಮೇಲೆ! ಎಷ್ಟು ಜತನದಿಂದ ಮಾಡಿದೆ ಅಂದರೆ... ಪಾತ್ರೆಯನ್ನು ಬೂದಿ ಹಚ್ಚಿ ಎರಡು ಸಲ ತಿಕ್ಕಿದೆ. ನೀರನ್ನು ಅವರ ಹಾಗೆಯೇ ಬಿಳೀ ಬಟ್ಟೆಯಲ್ಲಿ ಸೋಸಿದೆ. ಆ ಅಕ್ಕಿಯನ್ನು ಮೆತ್ತಗೆ ಬೇಯಿಸಿ, ಹಾಲು ಬೆಲ್ಲ ಹಾಕಿ, ಹೆಂಚಿನ ಮೇಲೆ ಇನ್ನೂ ಬಿಸಿಲಿರುವಾಗಲೇ ಓಣಿ ದಾಟಿ ಓಡಿದೆ. ಒಂದು ಕಟ್ಟಳೆಯೂ ತಪ್ಪಬಾರದು ಅಂತ.

ಅವತ್ತು ಅವರೇಕೋ ಮುಖ ತಿರುಗಿಸಲಿಲ್ಲ. ಎರಡು ಚಮಚ ಹೋಯಿತು. "ಎಲ್ಲೀ ಅಕ್ಕಿ ತಂಗಿ? ಲವಂಗದ ವಾಸನಿ ಐತಿ" ಅಂದರು, ಎಂಟು ದಿನದಲ್ಲಿ ಆಡಿದ ಮೊದಲ ಉದ್ದದ ಮಾತು.

ನಾನು ಹಿಗ್ಗಿನಲ್ಲಿ ಹೇಳಿಬಿಟ್ಟೆ. "ನಿಮ್ಮ ಬಸದಿದರಿ ಕಾಕು. ನೀವು ಇಟ್ಟ ಅಕ್ಕೀನ. ಸೆರಗಿನ್ಯಾಗ ಕಟ್ಕೊಂಡ ಬಂದಿದ್ದೆ."

ಬಾಗಿಲಲ್ಲಿ ನಿಂತಿದ್ದ ಸೊಸೆ "ಅಯ್ಯ..." ಅಂತ ಬಾಯಿ ತೆರೆದಳು. ಕಾಕು ಕೈ ಎತ್ತಿ ಆಕೆಯನ್ನು ಸುಮ್ಮನಾಗಿಸಿದರು. ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ಪ್ರಾರ್ಥನೆ ಮಾಡುತ್ತಿದ್ದಾರೆ, ಎಂಥಾ ಭಕ್ತಿ ಅಂದುಕೊಂಡೆ ನಾನು. ನನ್ನ ಕೈಯಲ್ಲಿ ಚಮಚ ಹಾಗೇ ಇತ್ತು. ಆಮೇಲೆ ಕಣ್ಣು ತೆರೆದು ನನ್ನನ್ನೇ ಬಹಳ ಹೊತ್ತು ನೋಡಿದರು.

"ಹಾಕು," ಅಂದರು.

ಬಟ್ಟಲು ಖಾಲಿಯಾಯಿತು. "ಛಲೋ ಆಗಿತ್ತು ತಂಗಿ. ಇದನ್ನ ಯಾರ ಮುಂದೂ ಹೇಳಬ್ಯಾಡ." ದೃಷ್ಟಿಯಾದೀತು ಅಂತ ಹಾಗೆ ಹೇಳಿದರು ಅಂತಲೇ ನಾನು ತಿಳಿದೆ. ಮರುದಿನದಿಂದ ತಿಳಿಸಾರು, ಅನ್ನ ಶುರುವಾಯಿತು. ತಿಂಗಳಲ್ಲಿ ಎದ್ದು ಓಡಾಡಿದರು. ನಮ್ಮ ಮನೆಯಲ್ಲಿ ನಾನೂ ಅತ್ತೆಯೂ ಮಾತ್ರ ಬೀಗಿದೆವು, ಪ್ರಸಾದದ ಮಹಿಮೆ ಅಂತ.

ಒಂದು ಮಾತ್ರ ಬದಲಾಯಿತು. ಕಾಕು ಆಮೇಲೆ ಸಿಹಿ ಮುಟ್ಟಲಿಲ್ಲ. ಯುಗಾದಿಗೆ ಹೋಳಿಗೆ ಕೊಟ್ಟರೆ ಮಕ್ಕಳ ಕೈಗೆ ಹೋಗುತ್ತಿತ್ತು. ಚಹಾ ಕುಡಿದರೂ ಸಪ್ಪಗಿನ ಚಹಾ. "ಯಾಕ್ರಿ ಕಾಕು, ಸಕ್ಕರಿ ಬ್ಯಾನಿ ಬಂತೇನು?" ಅಂತ ನಾನು ಛೇಡಿಸಿದೆ. "ಹಂಗ ತಿಳಕೋ" ಅಂತ ನಕ್ಕರು. ಸುಳ್ಳು ಹೇಳುವವರಲ್ಲ ಅವರು. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ನಾನು ಹಾಗೇ ತಿಳಿದುಕೊಂಡೆ. ಹನ್ನೊಂದು ವರ್ಷ, ಹಬ್ಬ ಹಬ್ಬಕ್ಕೂ ಆ ಮನೆಗೆ ಹೋಳಿಗೆ ಕೊಡುತ್ತಲೇ ಹೋದೆ. "ಒಂದ ತುಣುಕು ತಿಂದ್ರ ಏನೂ ಆಗೂದಿಲ್ಲರಿ" ಅಂತ ಬಾಯಿಯ ಹತ್ತಿರ ಹಿಡಿದದ್ದೂ ಉಂಟು...

ಆಮೇಲೆ ನಾವು ಗಬ್ಬೂರಿನ ಕಡೆ ಮನೆ ಕಟ್ಟಿಕೊಂಡು ಬಂದೆವು. ಅವರು ತೀರಿಕೊಂಡಾಗ ನಾನು ಮುಗದದಲ್ಲಿ ನಮ್ಮವ್ವನ ಹಾಸಿಗೆಯ ಪಕ್ಕದಲ್ಲಿದ್ದೆ. ಸುದ್ದಿ ತಿಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಬಸದಿಯ ಕಂಬಕ್ಕೆ ಆತು ಇದೆಲ್ಲ ನೆನೆಯುತ್ತ ಎಷ್ಟು ಹೊತ್ತು ಕೂತಿದ್ದೆನೋ. ಆ ಹೆಣ್ಣುಮಗಳು ಡಬ್ಬಿ ಮುಚ್ಚಿ ಎದ್ದಳು. ಕೇಳದೆ ಇರಲಾಗಲಿಲ್ಲ.

"ತಂಗಿ, ತಿಳೀದ ಯಾರರ ಅದನ್ನ ತಿಂದಬಿಟ್ರ?"

"ಗುರುಗಳ ಹತ್ರ ಹೇಳಿಕೊಂಡು ಏನರ ಒಂದು ಬಿಡ್ತಾರ್ರಿ. ಕೆಲವರು ಉಪ್ಪು, ಕೆಲವರು ಸಿಹಿ. ಇಷ್ಟ ದಿನ ಅಂತ ಇರ್ತೈತಿ."

"ತಿಳದ ತಿಂದ್ರ?"

ಆಕೆ ನನ್ನನ್ನು ವಿಚಿತ್ರವಾಗಿ ನೋಡಿದಳು. "ತಿಳದು ಯಾರು ತಿಂತಾರ್ರಿ ಅವ್ವಾರ?"

ಅದೇ ನನಗೂ ತಿಳಿಯದ್ದು. ಮೊದಲಿನ ಎರಡು ಚಮಚ ತಿಳಿಯದೆ ಹೋದವು. ಉಳಿದ ಬಟ್ಟಲು? ಇರುವೆಗೆ ದಾರಿ ಬಿಟ್ಟು ನಡೆಯುವವರು, ಜ್ವರದಲ್ಲೂ ನೀರು ಸೋಸಿ ಕೊಡು ಅನ್ನುತ್ತಿದ್ದವರು, ನನ್ನ ಮುಖ ನೋಡಿ "ಹಾಕು" ಅಂದದ್ದು ಯಾಕೆ? ನಾನು ಹಿಗ್ಗಿದ್ದೆ, ಆ ಹಿಗ್ಗು ಮುರಿಯಬಾರದು ಅಂತಲೋ? ಹೊಟ್ಟೆಯ ಹಸಿವೋ? ಸಿಹಿ ಬಿಟ್ಟದ್ದು ತಾವು ತಿಂದದ್ದಕ್ಕೋ, ನಾನು ಕದ್ದದ್ದಕ್ಕೋ? ಅವರು ಬದುಕಿದ್ದು ಆ ಗಂಜಿಯಿಂದ ಅಂತ ಇಷ್ಟು ವರ್ಷ ಶಿವನಿಗೆ ಕೈಮುಗಿದಿದ್ದೇನೆ. ಈಗ ಕೈ ಮುಗಿಯಬೇಕೋ, ತಪ್ಪಾಯಿತು ಅನ್ನಬೇಕೋ, ಅಂದರೂ ಯಾವ ದೇವರ ಮುಂದೆ? ಈ ತೀರ್ಥಂಕರರು ಏನೂ ಕೇಳುವುದಿಲ್ಲ, ಏನೂ ಕೊಡುವುದಿಲ್ಲವಂತೆ. ಹನ್ನೊಂದು ವರ್ಷ ಎದುರಿಗೇ ಇದ್ದರು ಕಾಕು. ಆಗ ಕೇಳಬೇಕು ಅಂತ ನನಗೇ ಗೊತ್ತಿರಲಿಲ್ಲ.

ಕೆಳಗೆ ಟೆಂಪೋದವನು ಹಾರ್ನ್ ಹೊಡೆದ. ಬರಿಗೈಲಿ ಇಳಿದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಇನ್ನು ಮೇಲೆ ನಾನೂ ಸಿಹಿ ಬಿಡುತ್ತೇನೆ, ಅಷ್ಟಾದರೂ ನನ್ನ ಪಾಲಿಗೆ ಬರಲಿ ಅಂತ ನಿಶ್ಚಯ ಮಾಡಿಕೊಂಡೆ.

ಮನೆ ಮುಟ್ಟಿದಾಗ ಸಂಜೆ. ಬಸದಿಗೆ ಹೋಗಿದ್ದೆ ಅಂದ ಕೂಡಲೆ ಸೊಸೆ ಕೇಳಿದಳು, "ಪ್ರಸಾದ ಎಲ್ಲೈತ್ರಿ ಅತ್ತಿ?"

"ಅಲ್ಲಿ ತರೂದಿಲ್ಲವಾ. ಇಟ್ಟು ಬರೂದು."

ಆಕೆಗೆ ಅರ್ಥವಾದಂತೆ ಕಾಣಲಿಲ್ಲ. ಒಳಗೆ ಹೋಗಿ ಚಹಾ ಮಾಡಿ ತಂದಳು. "ದಣದು ಬಂದೀರಿ, ಸಕ್ಕರಿ ಒಂದ ಚಮಚ ಜಾಸ್ತೀನ ಹಾಕೇನಿ" ಅಂತ ಮುಂದೆ ನಿಂತಳು, ನಾನು ಒಂದು ಗುಟುಕು ಕುಡಿಯುವುದನ್ನೇ ನೋಡುತ್ತ. ಬ್ಯಾಡವಾ ಅನ್ನಬೇಕೆಂದು ಬಾಯಿ ತೆರೆದೆ. ಆಕೆಯ ಮುಖ ನೋಡಿದೆ. ಆಗಲಿಲ್ಲ, ಕುಡಿದೆ.

ಅದಾಗಿ ತಿಂಗಳಾಯಿತು. ನಾಳೆಯಿಂದ ಬಿಡುತ್ತೇನೆ ಅಂತ ದಿನಾ ಅಂದುಕೊಳ್ಳುತ್ತೇನೆ, ದಿನಾ ಆಕೆ ಕಪ್ಪು ಹಿಡಿದು ಮುಂದೆ ನಿಲ್ಲುತ್ತಾಳೆ. ಇದು ನನ್ನ ನಾಲಿಗೆಯ ಚಪಲವೋ, ಕಾಕು ಅವತ್ತು "ಹಾಕು" ಅಂದರಲ್ಲ, ಆ ಥರದ್ದೋ... ಕೇಳೋಣ ಅಂದರೆ ಎದುರುಮನೆ ಎದುರಿಗಿಲ್ಲ.